ಗುರುತಿಲ್ಲದ ಹಾಲಿ ರೂಪಾಯಿ

ನಮ್ಮ ಮನೆಯಲ್ಲಿ ಬೆಳ್ಳಿ ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು. ಇದು ನನ್ನ ಗಂಡ ಶಂಕರಲಿಂಗರ ಕಾನೂನು. ಮೈಗೆ ಬೆರಳು ತಾಗಿಸಬಾರದು, ಬೂದಿಯನ್ನು ಹತ್ತಿರಕ್ಕೂ ತರಬಾರದು. ಮದುವೆಯಾದ ಹೊಸತರಲ್ಲಿ ನನಗಿದೆಲ್ಲ ಎಲ್ಲಿ ಗೊತ್ತು? ದೀಪಾವಳಿಗೆ ಅವರ ಡಬ್ಬಿಯಲ್ಲಿದ್ದ ರೂಪಾಯಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಲಕ್ಷ್ಮೀ ಪೂಜೆಗೆ ಇಟ್ಟಿದ್ದೆ. ಮನುಷ್ಯ ಹಬ್ಬದ ಊಟ ಬಿಟ್ಟು ಎದ್ದುಹೋದರು. ನೂರು ವರ್ಷ ಕೂತು ಗಳಿಸಿದ ಕಪ್ಪನ್ನು ನಾನು ಒಂದು ತಾಸಿನಲ್ಲಿ ತೊಳೆದುಬಿಟ್ಟೆನಂತೆ. ಕೊಳೆ ತೆಗೆದದ್ದಕ್ಕೆ ಹೆಂಡತಿಯನ್ನು ಬೈಯುವ ಗಂಡ ನಿಂಬರ್ಗಾದಲ್ಲಿ ಇವರೊಬ್ಬರೇ ಇದ್ದಾರು.

ಅವರು ಬಸ್ ಕಂಡಕ್ಟರ್. ಆಳಂದ, ಅಫಜಲಪುರ, ಜೇವರ್ಗಿಗಳ ನಡುವೆ ಟಿಕೆಟ್ ಹರಿಯುತ್ತಲೇ ತಲೆ ಬೆಳ್ಳಗಾಯಿತು. ದಾರಿಯ ಊರುಗಳ ಮುದುಕಿಯರಿಗೆಲ್ಲ ಇವರ ಹುಚ್ಚು ಗೊತ್ತು. "ಕಂಡಕ್ಟರ್ ಸಾಹೇಬ್ರ, ನಮ್ಮತ್ತಿ ಇಟ್ಟಿದ್ದ ಹಾಲಿ ರೂಪಾಯಿ ಒಂದದ, ನೋಡ್ತೀರೇನ್ರಿ?" ಎಂದು ಸೆರಗಿನ ಗಂಟು ಬಿಚ್ಚಿದರೆ ಇವರಿಗೆ ಬಸ್ಸು ಎಲ್ಲಿ ನಿಂತಿದೆ ಎನ್ನುವುದೂ ಮರೆಯುತ್ತಿತ್ತು. ಡ್ರೈವರು ಹಾರ್ನು ಹೊಡೆದು ಎಚ್ಚರಿಸಬೇಕು.

ಹಾಲಿ ಎಂದರೆ ನಿಜಾಮರ ರೂಪಾಯಿ, ಕಲ್ದಾರ್ ಎಂದರೆ ಇಂಗ್ಲಿಷರದು. ನಮ್ಮ ಹಿರಿಯರ ಕಾಲಕ್ಕೆ ಎರಡೂ ಓಡುತ್ತಿದ್ದವು. ಕಲ್ದಾರಿನ ಮೇಲೆ ರಾಜನ ಮುಖ ಇರುತ್ತದೆ. ಹಾಲಿಯ ಮೇಲೆ ನಿಜಾಮರ ಮುಖವಿಲ್ಲ, ಚಾರ್‌ಮಿನಾರ್ ಇದೆ. ಅದರ ನಡುವಿನ ಬಾಗಿಲಲ್ಲಿ ಆಳುವವರ ಹೆಸರಿನ ಮೊದಲ ಅಕ್ಷರ ಒಂದೇ ಒಂದು, ಉರ್ದುವಿನಲ್ಲಿ. ಮಹಬೂಬ ಅಲಿ ಪಾಶಾರದಾದರೆ ಮೀಮ್, ಅವರ ಮಗ ಉಸ್ಮಾನ ಅಲಿ ಪಾಶಾರದಾದರೆ ಐನ್. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಗಂಡನಲ್ಲ, ಮಗಳು ಸೃಷ್ಟಿ.

ಒಬ್ಬಳೇ ಮಗಳು. ಆಳಂದದಲ್ಲಿ ಡಿಗ್ರಿ ಓದುತ್ತಿದ್ದಳು. ದಪ್ಪ ಕನ್ನಡಕ, ಮೂಗಿನ ತುದಿಯಲ್ಲಿ ಸಿಟ್ಟು. ಅಪ್ಪನ ಹುಚ್ಚು ಮಗಳಿಗೆ ಪೂರಾ ಅಂಟಿತ್ತು. ನಾಣ್ಯ ಓದಬೇಕೆಂದೇ ಪಕ್ಕದ ಮನೆಯ ಖುರ್ಷಿದಳ ಬೆನ್ನು ಹತ್ತಿ ಉರ್ದು ಅಕ್ಷರ ಕಲಿತಳು. ಆಮೇಲೆ ಅಡುಗೆಮನೆಗೆ ಬಂದು ನನಗೆ ಪಾಠ. "ಯವ್ವಾ, ನೀ ಎರಡ ಅಕ್ಷರ ಕಲಿ ಸಾಕು. ಮೀಮ್ ಅಂದ್ರ ನಿನ್ನ ಸೌಟು, ಗುಂಡು ತಲಿ, ಕೆಳಗ ಹಿಡಿಕಿ. ಐನ್ ಅಂದ್ರ ಕೊಕ್ಕಿ, ಒಂದರ ಮ್ಯಾಲ ಒಂದು ಎರಡು ಕೊಕ್ಕಿ. ಸೌಟು ಕಂಡ್ರ ಮಹಬೂಬ, ಕೊಕ್ಕಿ ಕಂಡ್ರ ಉಸ್ಮಾನ." ರೊಟ್ಟಿ ಬಡಿಯುವ ಹಿಟ್ಟಿನಲ್ಲಿ ಬೆರಳಿನಿಂದ ಎರಡನ್ನೂ ಬರೆದು ತೋರಿಸಿದಳು. ಓದು ಬರೆಯುವುದು ಅಷ್ಟಕ್ಕಷ್ಟೇ ಆದ ನಾನು ಆ ಎರಡು ಅಕ್ಷರ ಮಾತ್ರ ಇವತ್ತಿಗೂ ಮರೆತಿಲ್ಲ.

ಸೌಟಿನವು ಅಪ್ಪನಿಗೆ, ಕೊಕ್ಕೆಯವು ಮಗಳಿಗೆ, ಹೀಗೆ ಇಬ್ಬರೂ ಪಾಲು ಮಾಡಿಕೊಂಡಿದ್ದರು. ಅವಳಲ್ಲಿ ಹನ್ನೊಂದು ಇದ್ದವು, ಒಂದಕ್ಕೂ ಪೇಟೆಯಲ್ಲಿ ವಿಶೇಷ ಬೆಲೆಯಿಲ್ಲ. ಆದರೆ ಒಂದೊಂದಕ್ಕೂ ಒಂದೊಂದು ಕತೆ. ಗೊಬ್ಬೂರದ ಭಾಗಮ್ಮ ಕೊಟ್ಟ ರೂಪಾಯಿಯನ್ನು ಭಾಗಮ್ಮನ ಅತ್ತೆ ರಜಾಕಾರರ ಗಲಾಟೆಯಲ್ಲಿ ನೆಲದೊಳಗಿನ ಜೋಳದ ಹಗೇವಿನ ತಳದಲ್ಲಿ ಹುಗಿದಿದ್ದಳಂತೆ. ಗಲಾಟೆ ಮುಗಿದ ಮೇಲೆ ತೆಗೆದು ನೋಡಿದರೆ ಜೋಳವೆಲ್ಲ ಕೊಳೆತಿತ್ತು, ರೂಪಾಯಿ ಹಾಗೇ ಇತ್ತು. ಕೆಲವೇ ವರ್ಷಗಳಲ್ಲಿ ಹಾಲಿ ಓಡುವುದೇ ನಿಂತುಹೋಯಿತು. "ಜ್ವಾಳ ಉಣ್ಣಾಕ ಆಗಲಿಲ್ಲ, ರೂಪಾಯಿ ಖರ್ಚ ಮಾಡಾಕ ಆಗಲಿಲ್ಲ" ಎಂದು ಸೃಷ್ಟಿ ಭಾಗಮ್ಮನ ದನಿಯಲ್ಲೇ ಹೇಳಿ ನಗಿಸುತ್ತಿದ್ದಳು. ಇನ್ನೊಂದನ್ನು ತನ್ನ ಕಾಲ್ಗೆಜ್ಜೆ ಕೊಟ್ಟು ಬದಲಿ ತಂದಿದ್ದಳು. ಆ ದಿನ ನಾನು ಅವಳಿಗೆ ಲಟ್ಟಣಿಗೆ ಎತ್ತಿದ್ದು ನಿಜ.

ನನ್ನ ಹಳೆಯ ಹಸಿರು ಇಳಕಲ್ ಸೀರೆ ಹರಿದು ಹನ್ನೊಂದಕ್ಕೂ ಪುಟ್ಟ ಚೀಲ ಹೊಲಿದು ಕೊಟ್ಟೆ. ಒಂದು ಸಲ ತನ್ನವು ಅಪ್ಪನವುಗಳ ಜೊತೆ ಬೆರೆಯಬಾರದೆಂದು ಪ್ರತಿಯೊಂದರ ಅಂಚಿಗೂ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟಿದ್ದಳು. ಅವರಪ್ಪ ಹೌಹಾರಿದರು. "ಗುರ್ತು ಹಾಕಿದ ನಾಣ್ಯ ಸತ್ತಂಗ ನೋಡವ್ವ. ಗುರ್ತು ಕಣ್ಣಾಗ ಇರಬೇಕು, ನಾಣ್ಯದ ಮ್ಯಾಲ ಅಲ್ಲ." ಮಗಳು ಮೂತಿ ಉಬ್ಬಿಸಿ ಕೂತು ಒಂದೊಂದೇ ಚುಕ್ಕೆ ಒರೆಸಿದಳು. ಮನೆ ತುಂಬ ಬಣ್ಣ ತೆಗೆಯುವ ಔಷಧಿಯ ವಾಸನೆ. ಅಪ್ಪ ಭೂತಗನ್ನಡಿ ಹಿಡಿದು ನೋಡಿ, ಒಂದು ಕಣ ಕೆಂಪೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ನಕ್ಕರು.

ಈ ವರ್ಷ ಜೂನಿನಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ವಾರ ತುಂಬುವುದರೊಳಗೆ ಮಣ್ಣು ಮಾಡಿ ಬಂದೆವು. ಇದರ ಬಗ್ಗೆ ಇನ್ನೇನೂ ಹೇಳಲಾರೆ.

ಅವರು ತಮ್ಮ ಡಬ್ಬಿಯನ್ನು ಮತ್ತೆ ಮುಟ್ಟಲಿಲ್ಲ. ಆದರೆ ಸಂಜೆ ಕೆಲಸದಿಂದ ಬಂದವರೇ ದೇವರ ಜಗಲಿಯ ಹಿಂದಿಟ್ಟಿದ್ದ ಸೃಷ್ಟಿಯ ಗಂಟು ತೆಗೆಯುತ್ತಿದ್ದರು. ಒಂದು ಚೀಲ ಬಿಚ್ಚಿ, ಅಂಚು ಹಿಡಿದು ನನ್ನ ಅಂಗೈ ಮೇಲೆ ಇಡುವರು. ನಾನು ಅದರ ಕತೆ ಹೇಳಬೇಕು, ಅವಳು ಹೇಳುತ್ತಿದ್ದ ಹಾಗೇ. ತಪ್ಪಿದರೆ ಅವರು ತಿದ್ದುವರು. ಫೋಟೋ ನೋಡಿದರೆ ಎದೆ ಒಡೆಯುತ್ತಿತ್ತು, ಬಟ್ಟೆ ಮುಟ್ಟಲು ಧೈರ್ಯವಿರಲಿಲ್ಲ. ಆ ಹನ್ನೊಂದು ರೂಪಾಯಿ ಇದ್ದಷ್ಟು ಹೊತ್ತು ಮಾತ್ರ ಅವಳ ಮಾತು ನಮ್ಮ ಬಾಯಲ್ಲಿ ಬರುತ್ತಿತ್ತು. ಅದೊಂದೇ ನಮಗೆ ಉಳಿದಿದ್ದ ಆಸರೆ.

ನಮ್ಮ ಮನೆತನದಲ್ಲಿ ಸತ್ತವರಿಗೆ ಬೆಳ್ಳಿಯ ಚಿಕ್ಕ ಮೂರ್ತಿ ಮಾಡಿಸಿ ಜಗಲಿಯ ಮೇಲೆ ಕೂಡಿಸುವ ರೂಢಿಯಿದೆ. ಮಾನಮಿ ಅಮಾಸಿಗೆ, ಅಂದರೆ ಮಹಾಲಯ ಅಮಾವಾಸ್ಯೆಗೆ, ಹಿರಿಯರ ಜೊತೆ ಅವರಿಗೂ ಎಡೆ. ಮೂರ್ತಿಗೆ ಅಂಗಡಿ ಬೆಳ್ಳಿ ನಡೆಯುವುದಿಲ್ಲ, ಸತ್ತವರ ಮೈಮೇಲಿನದೋ ಕೈಯಲ್ಲಿನದೋ ಆಗಬೇಕು. ಆದರೆ ಮದುವೆಯಾಗದೆ ಹೋದವರಿಗೆ ಜಗಲಿಯಲ್ಲಿ ಜಾಗವಿಲ್ಲ ಎಂದು ಭಾವಂದಿರು ತಗಾದೆ ತೆಗೆದರು. ಆಗ ಜಗಳಕ್ಕೆ ನಿಂತವಳು ನನ್ನ ಗಂಡನ ಅಕ್ಕ ಕಸ್ತೂರಿಬಾಯಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇರುವವಳು, ಸೃಷ್ಟಿಯನ್ನು ಎತ್ತಿ ಆಡಿಸಿದವಳು. "ನನ್ನ ಕೂಸು ಅಮಾಸಿ ದಿನ ಹೊಚ್ಚಲ ಹೊರಗ ನಿಂತು ಮಾರಿ ನೋಡಬೇಕೇನು? ಆಕಿ ಕೂಡತಾಳ. ಯಾವನು ಬ್ಯಾಡಂತಾನ, ಬಂದು ನನ್ನ ಮುಂದ ಅನ್ನಲಿ" ಎಂದಳು. ಯಾರೂ ಬರಲಿಲ್ಲ. ಅವಳ ಬಾಯಿಗೆ ಊರೇ ಹೆದರುತ್ತದೆ. ನಾನು ಅವಳ ಕಾಲು ಮುಟ್ಟಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕಡಲೆಬೇಳೆ ಆರಿಸುತ್ತಿದ್ದೆ. ಅಕ್ಕ ಜಗಲಿಯ ಮುಂದೆ ಕೂತು ದೀಪದ ಸಮೆ ಒರೆಸುತ್ತಿದ್ದಳು. ಅವಳ ಕೈಯಲ್ಲಿದ್ದ ಎಣ್ಣೆ ಬಟ್ಟೆ ಹಸಿರು ಬಣ್ಣದ್ದು, ತುದಿಯಲ್ಲಿ ನಾನೇ ಹಾಕಿದ ಕೆಂಪು ಹೊಲಿಗೆ. ಪಕ್ಕದಲ್ಲಿ ಅಂಥವೇ ಇನ್ನಷ್ಟು ಬಿದ್ದಿದ್ದವು.

"ಅಕ್ಕಾ, ಇದರಾಗಿನ ರೂಪಾಯಿ ಎಲ್ಲಿ?"

"ಪತ್ತಾರಗ ಕೊಟ್ಟೇನಲ್ಲ ಬೇ, ನಾಕ ದಿನದ ಹಿಂದ ಊರಿಗಿ ಬಂದಿದ್ದಾಗ. ಮೂರ್ತಿಗಿ ಆಕೀದೇ ಬೆಳ್ಳಿ ಬೇಕಲ್ಲ? ಕಾಲ್ಗೆಜ್ಜಿನೂ ಕೊಟ್ಟು ರೂಪಾಯಿ ತಂದಾಕಿ ಆಕಿ. ಆಕೀದು ಅಂತ ಮತ್ತೇನ್ ಇತ್ತು ಹೇಳು? ಇವತ್ತ ಮೂರ್ತಿ ತಯಾರ ಅಂದಾನ, ಹೋಗಿ ತರ್ರಿ."

ಆ ವಾರ ನನ್ನ ಗಂಡ ಎರಡು ಪಾಳಿ ಮಾಡಿ ತಡವಾಗಿ ಬರುತ್ತಿದ್ದರು, ಗಂಟು ತೆಗೆದಿರಲಿಲ್ಲ. ಈಗ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬಾಯಿ ಮುಕ್ಕಳಿಸದೆ ಅಂಗಿ ಹಾಕಿಕೊಂಡರು. ಅಕ್ಕನನ್ನು ಏನೆಂದು ಬೈಯುವುದು? ಅವಳ ಪ್ರೀತಿಯಲ್ಲಿ ಒಂದು ಗುಂಜಿಯಷ್ಟೂ ಕಲಬೆರಕೆ ಇರಲಿಲ್ಲ.

ಚೌಡಾಪುರದಲ್ಲಿ ಬಸ್ಸು ಬದಲಿಸಿ ಅಫಜಲಪುರಕ್ಕೆ ಹೋದೆವು. ಅಕ್ಕಸಾಲಿಗ ಮೌನಪ್ಪ ಪತ್ತಾರ ನಮ್ಮ ಮನೆತನಕ್ಕೆ ಹಳಬ. ಅವನ ಮುಂದೆ ತಟ್ಟೆಯ ತುಂಬ ಮೂರ್ತಿಗಳು, ನಾಳೆಯ ಅಮಾವಾಸ್ಯೆಗೆಂದು ಸುತ್ತಲ ಊರಿನವರು ಮಾಡಿಸಿದ್ದವು. ಅದರಿಂದ ಒಂದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ನನ್ನ ಕೈಗಿಟ್ಟ. ಹೆಬ್ಬೆರಳಿನಷ್ಟು ಅಗಲದ ತಗಡು. ನೆರಿಗೆ ಸೀರೆ, ಕೊರಳಲ್ಲಿ ತಾಳಿ, ದೊಡ್ಡ ನತ್ತು.

"ಇದು ನನ್ನ ಮಗಳಲ್ಲ" ಎಂದೆ.

"ಅಚ್ಚು ಒಂದೇ ಇರ್ತದ್ರಿ ಅಕ್ಕೋರ. ಹೆಣ್ಣಿಗೊಂದು, ಗಂಡಿಗೊಂದು."

ತಟ್ಟೆಯಲ್ಲಿದ್ದ ಹೆಂಗಸರೆಲ್ಲರಿಗೂ ಅದೇ ಮುಖ, ಅದೇ ನತ್ತು. ಸೃಷ್ಟಿ ಜೀವಮಾನದಲ್ಲಿ ಮೂಗು ಚುಚ್ಚಿಸಿಕೊಂಡವಳಲ್ಲ. ಕನ್ನಡಕ ತೆಗೆದರೆ ನಾಲ್ಕು ಹೆಜ್ಜೆ ದೂರದ ಮನುಷ್ಯರೂ ಕಾಣುತ್ತಿರಲಿಲ್ಲ ಅವಳಿಗೆ.

ನನ್ನ ಗಂಡ ಮೂರ್ತಿಯನ್ನು ನೋಡಲೇ ಇಲ್ಲ. "ಮೌನಪ್ಪ, ರೂಪಾಯಿ ಕರಗಿಸಿದ್ಯಾ?" ಎಂದರು.

ಪತ್ತಾರ ತಲೆ ಕೆರೆದುಕೊಂಡ. "ಖರೇ ಹೇಳ್ತೇನಿ ಸಾಹೇಬ್ರ, ಸಿಟ್ಟ ಮಾಡಬ್ಯಾಡ್ರಿ. ಹಾಲಿ ಬೆಳ್ಳ್ಯಾಗ ತಾಮ್ರ ಭಾಳ. ಅಚ್ಚಿನ ಮ್ಯಾಲ ಬಡದ್ರ ಸೀಳ್ತದ. ಸೀಳಿದ ಮೂರ್ತಿ ಜಗಲಿಗಿ ನಡ್ಯಂಗಿಲ್ಲ. ಅದಕ್ಕ ಜೇವರ್ಗಿ ಗಲಾಯಿ ಅಂಗಡಿಗಿ ಹಾಕಿ ಚೊಕ್ಕ ಬೆಳ್ಳಿ ತಂದೇನಿ. ಎಲ್ಲಾರ್ದೂ ಹಂಗೇ ಮಾಡ್ತೇವ್ರಿ, ಯಾರೂ ಕೇಳಂಗಿಲ್ಲ."

ಅಂದರೆ ನನ್ನ ಕೈಯಲ್ಲಿದ್ದದ್ದು ಅವಳ ಮುಖವೂ ಅಲ್ಲ, ಅವಳ ಬೆಳ್ಳಿಯೂ ಅಲ್ಲ. ಆದರೆ ಆ ಕ್ಷಣ ನನಗೆ ಆದದ್ದು ದುಃಖವಲ್ಲ. ಕರಗಿಲ್ಲ! ಪತ್ತಾರ ಜೇವರ್ಗಿಗೆ ಫೋನು ಹಚ್ಚಿದ. ಇನ್ನೂ ಭಟ್ಟಿಗೆ ಹಾಕಿಲ್ಲ, ಸಂಜೆ ಹಾಕುತ್ತಾರೆ ಎಂದು ಉತ್ತರ ಬಂತು.

"ನಮ್ಮವು ಬ್ಯಾರೆ ತೆಗದಿಡು ಅಂತ ಹೇಳು."

"ಯಾವವು ಅಂತ ಅವನಿಗಿ ಹ್ಯಾಂಗ ಗೊತ್ತಾಗಬೇಕ್ರಿ?"

"ನನಗ ಗೊತ್ತಾಗ್ತದ. ನಾ ಬರೋತನಕ ತಡಿ ಅನ್ನು, ಅಷ್ಟ ಸಾಕು."

ಜೇವರ್ಗಿ ಬಸ್ಸಿನ ಕಂಡಕ್ಟರ್ ಇವರ ಗೆಳೆಯ, ಮುಂದಿನ ಸೀಟು ಬಿಡಿಸಿ ಕೊಟ್ಟ. ಎರಡೂ ಕಡೆ ತೊಗರಿ ಹಸಿರಾಗಿ ನಿಂತಿತ್ತು. ಭೀಮೆ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಸಂಜೆಯ ಆ ಕತೆಗಳನ್ನು ಬಿಟ್ಟರೆ ತಿಂಗಳುಗಟ್ಟಲೆ ಮಾತೇ ಆಡದಿದ್ದ ಗಂಡ ಆ ದಾರಿಯುದ್ದಕ್ಕೂ ಮಾತಾಡಿದರು. "ಗೊಬ್ಬೂರದ್ದರ ಎಡಗಡಿ ಮಿನಾರಿನ ಮ್ಯಾಲ ಕರಿ ಕಲೆ ಅದ, ಹಗೇವಿನ್ಯಾಗ ಇತ್ತಲ್ಲ, ಅದಕ್ಕ. ಗೆಜ್ಜಿ ಕೊಟ್ಟು ತಂದದ್ದರ ಅಂಚಿಗಿ ಕಾಮನಬಿಲ್ಲಿನಂಗ ಬಣ್ಣ. ನಿಂಬರ್ಗಾದ್ದು ಪೂರಾ ಬೂದಿ ಬಣ್ಣ, ಬಾಗಿಲೊಳಗ ಅಷ್ಟ ಬೆಳ್ಳಗ. ಕಣ್ಣು ಮುಚ್ಚಿ ತೆಗಿತೇನಿ ಬೇ ಹನ್ನೊಂದೂ." ನಾನು ಅವರ ತೋಳು ಹಿಡಿದುಕೊಂಡೆ. ಮಣ್ಣಿಗಿಟ್ಟು ಬಂದ ಮಗಳನ್ನೇ ತರಲು ಹೊರಟಂತಿತ್ತು. ಆಸೆ ಎಂಬುದಕ್ಕೆ ನಾಚಿಕೆಯಿಲ್ಲ ನೋಡಿ.

ಗಲಾಯಿ ಅಂಗಡಿ ಎಂದರೆ ಬೆಳ್ಳಿ ಬಂಗಾರ ಕರಗಿಸಿ ಶುದ್ಧ ಮಾಡುವ ಸಣ್ಣ ಖೋಲಿ. ನಡೆಸುವವನು ಸಾಂಗ್ಲಿ ಕಡೆಯವನು, ಮೂವತ್ತರ ಆಸುಪಾಸು, ಮರ್ಯಾದಸ್ಥ. ನಮಗೆ ಕುರ್ಚಿ ಹಾಕಿ ಚಹಾ ತರಿಸಿದ. ಮೂಲೆಯಲ್ಲಿ ತಾಡಪಾಲಿನ ಮೇಲೆ ನಾಣ್ಯದ ರಾಶಿಯಿತ್ತು. ಇತ್ತೀಚೆಗೆ ಬೆಳ್ಳಿ ಏರಿದ್ದೇ ಏರಿದ್ದು, ಮೂರೂ ತಾಲೂಕಿನ ಮನೆಮನೆಯ ಗಂಟು ಬಿಚ್ಚಿ ಇಲ್ಲಿಗೆ ಬಂದು ಬಿದ್ದಿತ್ತು. ಅಜ್ಜಿಯರು ಗೋಡೆಯಲ್ಲಿ, ಹಗೇವಿನಲ್ಲಿ, ಒಲೆಯ ಕೆಳಗೆ ಬಚ್ಚಿಟ್ಟು ರಜಾಕಾರರ ಕಣ್ಣಿಂದ ಕಾಪಾಡಿದ್ದನ್ನು ಮೊಮ್ಮಕ್ಕಳು ತಾವೇ ತಂದು ಸುರಿದಿದ್ದರು.

ರಾಶಿ ಹೊಳೆಯುತ್ತಿತ್ತು. ನನಗೆ ಮೊದಲು ಅರ್ಥವಾಗಲಿಲ್ಲ. ನನ್ನ ಗಂಡನಿಗೆ ಬಾಗಿಲಲ್ಲೇ ಅರ್ಥವಾಗಿತ್ತು. ಅವರು ಕುರ್ಚಿಗೆ ಬರದೆ ಚೌಕಟ್ಟು ಹಿಡಿದು ಅಲ್ಲೇ ನಿಂತಿದ್ದರು.

"ತೊಳದ್ಯಾ?"

"ಹೌದ್ರಿ ಸಾಹೇಬ್. ಮಣ್ಣು, ಎಣ್ಣಿ ಇರ್ತದಲ್ರಿ, ತೂಕದಾಗ ಫರಕ ಬರ್ತದ. ಮೊದಲ ತೇಜಾಬಿನ್ಯಾಗ ಅದ್ದಿ ತೆಗಿತೇವಿ. ನಿನ್ನೆನೇ ಅದ್ದೇನಿ."

ಹಗೇವಿನ ಕರಿ ಕಲೆ, ಅಂಚಿನ ಬಣ್ಣ, ಬೂದಿ ಛಾಯೆ, ಒಂದೂ ಇರಲಿಲ್ಲ. ನೂರಾರು ಹಾಲಿ ರೂಪಾಯಿಗಳು ನಿನ್ನೆ ತಾನೇ ಟಂಕಸಾಲೆಯಿಂದ ಬಂದಂತೆ ಬೆಳ್ಳಗೆ, ಒಂದೇ ಥರ ಬಿದ್ದಿದ್ದವು. ಅವರು ಒಳಗೆ ಬಂದು ರಾಶಿಯ ಮುಂದೆ ಕೂತು, ಕಿಸೆಯಿಂದ ಭೂತಗನ್ನಡಿ ತೆಗೆದರು. ಸೌಟಿನವನ್ನು ಒಂದು ಕಡೆ ಸರಿಸಿದರು. ಕೊಕ್ಕೆಯವುಗಳಲ್ಲಿ ಅವಳ ಹತ್ತಿರವಿದ್ದ ವರ್ಷದವನ್ನು ಬೇರೆ ಮಾಡಿದರು. ಒಂದೊಂದು ವರ್ಷದವೂ ಹಿಡಿ ಹಿಡಿ ಇದ್ದವು. ಒಂದನ್ನು ಎತ್ತುವರು, ನೋಡುವರು, ಇಡುವರು. ಮತ್ತೆ ಅದನ್ನೇ ಎತ್ತುವರು. ಅಂಚು ಹಿಡಿದೇ ಎತ್ತುತ್ತಿದ್ದರು, ಆ ಹೊತ್ತಿನಲ್ಲೂ.

"ಏನರ ಗುರ್ತು ಇತ್ತೇನ್ರಿ? ಗೀರು, ಚುಕ್ಕಿ, ಏನರ?" ಎಂದ ಅಂಗಡಿಯವನು.

"ಚುಕ್ಕಿ ಇತ್ತು" ಎಂದರು ನನ್ನ ಗಂಡ.

ನಾನೂ ರಾಶಿಯ ಮುಂದೆ ಕೂತೆ. ಎಲ್ಲೋ ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿರಬಹುದು ಎಂದು ಹುಡುಕಿದೆ. ಮೂಗಿಗೆ ಹಿಡಿದು ನೋಡಿದೆ, ತೊಳೆದ ಆಸಿಡ್ಡಿನ ಘಾಟು ಬಿಟ್ಟರೆ ಏನಿಲ್ಲ. ಅಂಗಡಿಯವನು ಬಂದು ನಮ್ಮ ಪಕ್ಕದಲ್ಲೇ ನೆಲಕ್ಕೆ ಕೂತ.

"ಅದೇ ವರ್ಷದ್ದು ಹನ್ನೊಂದು ಆರಿಸಿಕೊಳ್ರಿ ತಾಯಿ. ಎಲ್ಲಾ ಒಂದೇ ಅಲ್ಲೇನ್ರಿ? ಪತ್ತಾರಗ ಕೊಟ್ಟ ಬೆಳ್ಳಿ ನಾ ನೋಡಿಕೋತೇನಿ."

"ಊರ ತುಂಬ ಇಪ್ಪತ್ತರ ಹುಡಿಗ್ಯಾರು ಅದಾರ ತಮ್ಮಾ" ಎಂದೆ. "ಒಬ್ಬಾಕಿನ್ನ ಮನಿಗಿ ಕರ್ಕೊಂಡು ಹೋಗಿ ಸೃಷ್ಟಿ ಅನ್ನಲೇನು?"

ಪಾಪ, ಅವನದೇನು ತಪ್ಪು? ಯಾರದೂ ತಪ್ಪಿಲ್ಲದೆಯೇ ಮನೆ ಹಾಳಾಗುತ್ತದೆ, ಅದೇ ನನ್ನ ಹೊಟ್ಟೆಯ ಬೆಂಕಿ. ಅಕ್ಕನನ್ನು ಬೈಯುವಂತಿಲ್ಲ, ಪತ್ತಾರನನ್ನು ಬೈಯುವಂತಿಲ್ಲ. ಕಚ್ಚಿದ ಸೊಳ್ಳೆಯನ್ನಾದರೂ ಹುಡುಕಿ ಬೈಯೋಣವೆಂದರೆ ಅದೂ ಸಿಗುವುದಿಲ್ಲ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಹೈದರಾಬಾದಿಗೆ ಮಾಲು ಒಯ್ಯುವವನು ಬರುವ ಹೊತ್ತಾಯಿತೆಂದು ಅಂಗಡಿಯವನು ಮೆಲ್ಲಗೆ ಭಟ್ಟಿ ಹೊತ್ತಿಸಿದ. ಊದುವ ಯಂತ್ರ ಗುಂಯ್ ಎಂದಿತು. ಮೊದಲ ಬೊಗಸೆ ಮೂಸೆಯೊಳಗೆ ಬಿದ್ದಾಗ ಆದ ಸಪ್ಪಳಕ್ಕೆ ನಾನು ಕಿವಿ ಮುಚ್ಚಿಕೊಂಡೆ. ಎರಡನೆಯ ಬೊಗಸೆ ಎತ್ತುವಾಗ ನನ್ನ ಗಂಡ ಒಮ್ಮೆಲೇ ರಾಶಿಗೆ ಕೈ ಹಾಕಿದರು.

"ಸಿಕ್ತು!" ಎಂದು ಕೂಗಿದರು. "ಸಿಕ್ತು ಬೇ ಶಿವಕಾಂತಾ! ಇದೇ ನೋಡು, ಗೊಬ್ಬೂರದ್ದು. ಭಾಗಮ್ಮಂದು. ನನಗ ಗೊತ್ತಿತ್ತು, ಸಿಕ್ಕೇ ಸಿಗ್ತದಂತ."

ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು, ಅಂಚು ಹಿಡಿದಿರಲಿಲ್ಲ. ನನ್ನ ಕೈಗೆ ಒತ್ತಿದರು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ನಾನು ಬೆಳಕಿಗೆ ಹಿಡಿದು ನೋಡಿದೆ.

ಚಾರ್‌ಮಿನಾರಿನ ಬಾಗಿಲಲ್ಲಿ ಗುಂಡು ತಲೆ, ಕೆಳಗೆ ಹಿಡಿಕೆ. ಸೌಟು. ಸೃಷ್ಟಿಯ ಹತ್ತಿರ ಸೌಟಿನ ರೂಪಾಯಿ ಒಂದೂ ಇರಲಿಲ್ಲ. ಜೀವಮಾನವೆಲ್ಲ ಭೂತಗನ್ನಡಿ ಹಿಡಿಯದೆ ನಾಣ್ಯ ಮುಟ್ಟದ ಮನುಷ್ಯ ಅದನ್ನು ನೋಡಿಯೇ ಇರಲಿಲ್ಲ. ಬರಿಗೈಯಲ್ಲಿ ನನ್ನನ್ನು ಮನೆಗೆ ಕರೆದೊಯ್ಯಲಾರದೆ, ಕೈಗೆ ಬಂದದ್ದನ್ನು ಹಿಡಿದಿದ್ದರು. ನನಗೆ ಅಕ್ಷರ ಗೊತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅದು ಅಡುಗೆಮನೆಯಲ್ಲಿ ತಾಯಿ ಮಗಳ ನಡುವಿನ ಮಾತು.

"ಹೌದ್ರಿ" ಎಂದೆ. "ಅದೇ. ಆಕೀದೇ."

ಬಸ್ಸಿನಲ್ಲಿ ಅವರು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ನಾನು ಮುಷ್ಟಿಯಲ್ಲಿ ಯಾರದೋ ರೂಪಾಯಿ, ಮಡಿಲಲ್ಲಿ ಯಾರದೋ ಬೆಳ್ಳಿಯ ಮೂರ್ತಿ ಇಟ್ಟುಕೊಂಡು ಭೀಮೆ ದಾಟಿದೆ. ಎಸೆದುಬಿಡೋಣ ಅನ್ನಿಸಿತು. ಎಸೆಯಲಿಲ್ಲ.

ಮನೆಯ ಹೊಸ್ತಿಲಲ್ಲಿ ಅಕ್ಕ ಆರತಿ ಹಿಡಿದು ಕಾಯುತ್ತಿದ್ದಳು. ಮೂರ್ತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೊತ್ತಿಕೊಂಡಳು. "ಬಂದ್ಯಾ ನನ್ನವ್ವಾ" ಎಂದು ಗೋಳೋ ಎಂದು ಅತ್ತಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಆಕೀದೇ ಬೆಳ್ಳಿ ಹೌದಿಲ್ಲ? ಪತ್ತಾರ ಏನೂ ಕಲಸಿಲ್ಲ ಹೌದಿಲ್ಲ?"

"ಇಲ್ಲಕ್ಕಾ. ಪೂರಾ ಆಕೀದೇ."

ಮರುದಿನ ಜಗಲಿಯ ಮೇಲೆ ಹಿರಿಯರ ಸಾಲಿನ ತುದಿಯಲ್ಲಿ ಮೂರ್ತಿ ಕೂತಿತು. ಅದರ ಮುಂದೆ ನನ್ನ ಗಂಡ ರೂಪಾಯಿ ಇಟ್ಟರು, ಎಣ್ಣೆ ಕುಡಿದ ಹಸಿರು ಚೀಲದಲ್ಲಿ. ಹೋಳಿಗೆ, ತುಪ್ಪ, ಅನ್ನ, ಕಟ್ಟಿನ ಸಾರು ಎಡೆಯಾಯಿತು. ಎಡೆ ಹಿಡಿಯುವಾಗ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಹೆತ್ತವಳೇ ಕರೆಯಲಿ ಎಂದು ಅಕ್ಕ ನನ್ನನ್ನು ಮುಂದೆ ತಳ್ಳಿದಳು.

ಅಕ್ಕನಿಗೆ ಕೇಳಲೆಂದು, ಹಿಂದೆ ಕೈಮುಗಿದು ನಿಂತ ಗಂಡನಿಗೆ ಕೇಳಲೆಂದು, ಗಟ್ಟಿಯಾಗಿ ಕರೆದೆ. "ಸೃಷ್ಟೀ, ಬಾ ಯವ್ವಾ. ಉಣಬಾ."

ನತ್ತಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಅವಳೂ ಯಾವುದೋ ಮನೆಯ ಕಾಲುಂಗುರವೋ, ಯಾರದೋ ಉಡಿದಾರವೋ ಆಗಿದ್ದವಳು. ಇಲ್ಲಿಗೆ ತಂದು ಕೂಡಿಸಿದರೆ ಅವಳಾದರೂ ಏನು ಮಾಡಿಯಾಳು? ನಾನು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಅವಳ ಮುಂದೆ ಇಟ್ಟೆ. "ನೀ ಯಾರ ಮಗಳೋ ಏನೋ, ಉಣ್ಣವ್ವ" ಎಂದು ತುಟಿಯೊಳಗೇ ಅಂದೆ.

ನನ್ನ ಮಗಳಿಗೆ ಎಲ್ಲಿ ಎಡೆ ಇಡಬೇಕೆಂದು ನನಗೆ ಗೊತ್ತಾಗಲಿಲ್ಲ. ಹೋಳಿಗೆ ಎಂದರೆ ಅವಳಿಗೆ ಜೀವವಾಗಿತ್ತು.